ಕಾರ್ಮಿಕ ಸಂಹಿತೆಗಳೂ ಮಲೆನಾಡಿನ ಸಣ್ಣ ಒಡೆಯರೂ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆಯ ಕೊಯ್ಲಿನ ಕಾಲ. ಅರೇಬಿಕಾ ಕಾಫಿಯ ಹಣ್ಣು ಕೆಂಪಾಗುತ್ತಿದ್ದ ಕಾಲ. ವರ್ಷದ ಯಾವ ಮೂರು ನಾಲ್ಕು ತಿಂಗಳುಗಳಲ್ಲಿ ತೋಟದ ಒಡೆಯನು ಆಳುಗಳಿಗಾಗಿ ಊರೂರು ಅಲೆಯುವನೋ, ಕೇಳಿದ ಕೂಲಿಯನ್ನೂ ಕೇಳಿದ ಮುಂಗಡವನ್ನೂ ಕೊಟ್ಟು ಕರೆತರುವನೋ, ಆ ತಿಂಗಳುಗಳ ನಡುವಿನಲ್ಲಿಯೇ ಆಳಿಗೂ ಒಡೆಯನಿಗೂ ಇರತಕ್ಕ ಸಂಬಂಧವನ್ನು ಹೊಸದಾಗಿ ನಿರೂಪಿಸುವ ಶಾಸನವು ದೆಹಲಿಯಿಂದ ಬಂದಿತು. 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಅದೇ ವರ್ಷದ ಸಾಮಾಜಿಕ ಭದ್ರತಾ ಸಂಹಿತೆ, ವೃತ್ತಿಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಎಂಬ ಈ ನಾಲ್ಕು, ಹಿಂದಿನ 29 ಕಾಯಿದೆಗಳನ್ನು ತಮ್ಮೊಳಗೆ ಅಡಗಿಸಿಕೊಂಡು ಅವುಗಳ ಸ್ಥಾನದಲ್ಲಿ ನಿಂತಿವೆ. ನಗರದ ನೌಕರನ ಕೈಗೆ ಬರುವ ಸಂಬಳ ಎಷ್ಟು ಕಡಿಮೆಯಾದೀತು, ಕಾರ್ಖಾನೆಯ ಕಾರ್ಮಿಕನ ಮುಷ್ಕರದ ಹಕ್ಕು ಏನಾದೀತು ಎಂಬ ಚರ್ಚೆ ಸಾಕಷ್ಟು ನಡೆದಿದೆ, ಅದು ನಡೆಯಬೇಕಾದದ್ದೂ ಹೌದು. ಆದರೆ ತುಂಗೆ ಭದ್ರೆಯರ ಈ ಕಣಿವೆಗಳಲ್ಲಿ ಐದಾರು ಮಂದಿಗೆ ಕೆಲಸ ಕೊಟ್ಟು, ತಾನೂ ಅವರೊಡನೆ ಕೆಸರಿನಲ್ಲಿ ನಿಲ್ಲುವ ಸಣ್ಣ ಯಜಮಾನನಿಗೆ ಈ ಶಾಸನದಿಂದ ಒದಗುವ ಕರ್ತವ್ಯವೇನು, ಅದನ್ನು ಆತನು ನಿರ್ವಹಿಸಬಲ್ಲವನಾಗುವಂತೆ ಮಾಡಲು ರಾಜ್ಯವು ಮಾಡಬೇಕಾದುದೇನು ಎಂಬುದನ್ನು ಕುರಿತು ಆಗಬೇಕಾದಷ್ಟು ಆಲೋಚನೆ ಆಗಿಲ್ಲವೆಂದು ನನಗೆ ತೋರುತ್ತದೆ.

ಇಲ್ಲಿ ಉದ್ಯೋಗದಾತನೆನ್ನಿಸಿಕೊಳ್ಳುವವರು ಬಗೆಬಗೆಯವರು. ಶಾರದಾಂಬೆಯ ದರ್ಶನಕ್ಕೆ ಬರುವ ಯಾತ್ರಿಕರನ್ನು ನಂಬಿ ಶೃಂಗೇರಿಯಲ್ಲಿ ಹೋಟೆಲನ್ನೋ ವಸತಿಗೃಹವನ್ನೋ ನಡೆಸುತ್ತಿರುವವರುಂಟು. ಕೊಪ್ಪದ ಪೇಟೆಯಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣ ಮಾರುವ ಅಂಗಡಿಯವರುಂಟು. ನರಸಿಂಹರಾಜಪುರದ ಕಡೆ ನಾಲ್ಕಾರು ಎಕರೆ ರಬ್ಬರು ಬೆಳೆಸಿ ಬೆಳಗಿನ ಜಾವದಲ್ಲಿ ಟ್ಯಾಪಿಂಗ್ ಮಾಡುವವರನ್ನು ಇಟ್ಟುಕೊಂಡವರುಂಟು. ಬಾಳೆಹೊನ್ನೂರು, ಜಯಪುರಗಳ ಸುತ್ತಿನ ಕಾಫಿ ಎಸ್ಟೇಟಿನವರುಂಟು. ಇವರೆಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರುವವರು ಮಾತ್ರ ಕೆಲವೇ ಎಕರೆಯ ಅಡಿಕೆ ತೋಟವನ್ನು ಪಿತ್ರಾರ್ಜಿತವಾಗಿ ಪಡೆದು, ಹಳದಿ ಎಲೆ ರೋಗಕ್ಕೂ ಎಲೆಚುಕ್ಕಿ ರೋಗಕ್ಕೂ ಮರಗಳನ್ನು ಒಪ್ಪಿಸುತ್ತ, ಉಳಿದ ಮರಗಳ ಫಸಲಿನ ಮೇಲೆ ಮಕ್ಕಳ ವಿದ್ಯಾಭ್ಯಾಸವನ್ನೂ ಸಂಘದ ಸಾಲದ ಕಂತನ್ನೂ ಹೊರಿಸಿಕೊಂಡಿರುವ ಸಂಸಾರಸ್ಥರು. ಕೊನೆಗಾರನನ್ನು ಮರ ಹತ್ತಿಸುವಾಗ, ಸುಲಿಯುವ ಹೆಂಗಸರನ್ನು ಅಂಗಳದಲ್ಲಿ ಕೂರಿಸುವಾಗ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಇವರು ತಮ್ಮನ್ನು ಶಾಸನವು ಬಲ್ಲ ಒಬ್ಬ ಉದ್ಯೋಗದಾತನೆಂದು ಎಂದೂ ಭಾವಿಸಿಕೊಂಡವರಲ್ಲ. ವೇತನ ಸಂಹಿತೆ ಅವರನ್ನು ಹಾಗೆ ಭಾವಿಸುತ್ತದೆ. 1948ರ ಕನಿಷ್ಠ ವೇತನ ಕಾಯಿದೆಯು ತನ್ನ ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಈಗ ಕನಿಷ್ಠ ವೇತನದ ಹಕ್ಕು ಯಾವ ಅನುಸೂಚಿಯ ಹಂಗೂ ಇಲ್ಲದೆ ಎಲ್ಲ ಉದ್ಯೋಗಿಗಳದೂ ಆಗಿದೆ.

ಸಂಹಿತೆಗಳ ಕೆಲವು ಭಾಗಗಳು ಈ ಪ್ರದೇಶವನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಉದ್ಯಮವನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದ್ದು ದೇಶದ ಇತರೆಡೆ ದೊಡ್ಡ ವಿವಾದ. ಮುನ್ನೂರು ಮಂದಿಗೆ ಒಂದೆಡೆ ಕೆಲಸ ಕೊಡುವ ಸ್ಥಳವನ್ನು ಈ ಮೂರು ತಾಲ್ಲೂಕುಗಳಲ್ಲಿ ಹುಡುಕಿಯೇ ಕಾಣಬೇಕು. ನಮ್ಮ ಬದುಕಿಗೆ ತಾಗುವ ಅಂಕೆಗಳು ಸಣ್ಣವು: ಐದು, ಹತ್ತು, ಇಪ್ಪತ್ತು.

ಇಪ್ಪತ್ತು ಮಂದಿಯಾದರೆ ಭವಿಷ್ಯನಿಧಿ ಮತ್ತು ಬೋನಸ್ಸು. ಹತ್ತು ಮಂದಿಯಾದರೆ ಇ.ಎಸ್.ಐ. ಎಂಬ ನೌಕರರ ರಾಜ್ಯ ವಿಮೆ, ಅಂಗಡಿ ಹೋಟೆಲುಗಳಿಗೆ ಗ್ರಾಚ್ಯುಟಿ, ಮತ್ತು ವೃತ್ತಿಸುರಕ್ಷತೆಯ ಸಂಹಿತೆ ವಿಧಿಸಿರುವ ಲಿಖಿತ ನೇಮಕಾತಿ ಪತ್ರ. ಈ ಪತ್ರವನ್ನು ಹಳೆಯ ಕೆಲಸಗಾರರಿಗೂ ಸಂಹಿತೆ ಜಾರಿಗೆ ಬಂದ ಮೂರು ತಿಂಗಳೊಳಗಾಗಿ ಕೊಡತಕ್ಕದ್ದೆಂದು ಅದರಲ್ಲಿಯೇ ಹೇಳಿದೆ. ಕಾಫಿ, ಟೀ, ರಬ್ಬರು, ಏಲಕ್ಕಿ ಬೆಳೆಯುವ ಭೂಮಿ 5 ಹೆಕ್ಟೇರು ಅಥವಾ ಅದಕ್ಕೆ ಮೇಲ್ಪಟ್ಟಿದ್ದು ಹತ್ತು ಮಂದಿ ಕೆಲಸಗಾರರಿದ್ದರೆ ಅದು ಅದೇ ಸಂಹಿತೆಯ ಪ್ಲಾಂಟೇಷನ್ನಿನ ಅಧ್ಯಾಯಕ್ಕೆ ಸೇರುತ್ತದೆ. ಹಿಂದಿನ ಕಾಯಿದೆಯಲ್ಲಿ ಹದಿನೈದು ಮಂದಿಯಿದ್ದುದು ಈಗ ಹತ್ತಕ್ಕೆ ಇಳಿದಿದೆ. ಅಡಿಕೆಯು ಆ ಪಟ್ಟಿಯಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಆದಕಾರಣ ಒಂದೇ ಬೇಲಿಯ ಈಚೆಗೆ ಕಾಫಿಯ ಗಿಡದ ಕೆಳಗೆ ದುಡಿಯುವ ಹೆಂಗಸಿಗೆ ಒಂದು ಅಧ್ಯಾಯದ ರಕ್ಷಣೆಯೂ, ಆಚೆಗೆ ಅಡಿಕೆಯ ಮರದ ಕೆಳಗೆ ದುಡಿಯುವ ಅವಳ ತಂಗಿಗೆ ಅದಿಲ್ಲದಿರುವುದೂ ಸಾಧ್ಯ.

ಸಂಖ್ಯೆಯಿಂದ ಗೆರೆಯೆಳೆಯುವ ಶಾಸನವು ವರ್ಷವೆಲ್ಲ ಒಂದೇ ಪ್ರಮಾಣದಲ್ಲಿ ಕೆಲಸ ನಡೆಯುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುದು. ಮಲೆನಾಡಿನ ತೋಟದಲ್ಲಿ ಆಷಾಢದಲ್ಲಿ ಇಬ್ಬರಿದ್ದ ಕಡೆ ಮಾರ್ಗಶಿರದಲ್ಲಿ ಹನ್ನೆರಡು ಮಂದಿ ಇರುತ್ತಾರೆ. ನವರಾತ್ರಿಯಲ್ಲಿ ಶೃಂಗೇರಿಯ ಹೋಟೆಲಿಗೆ ಬೇಕಾಗುವ ಕೈಗಳು ಶ್ರಾವಣದ ಮಳೆಯಲ್ಲಿ ಬೇಕಾಗುವುದಿಲ್ಲ. ಇಂಥಲ್ಲಿ ಹತ್ತೆಂಬ ಗೆರೆಯ ಸಮೀಪದಲ್ಲಿರುವ ಯಜಮಾನನಿಗೆ ಎರಡು ಪ್ರಲೋಭನಗಳು ಎದುರಾಗುತ್ತವೆ. ಹತ್ತನೆಯವನನ್ನು ಕರೆಯದೆ ಇರುವುದು ಒಂದು. ಕರೆದರೂ ಪುಸ್ತಕದಲ್ಲಿ ತೋರಿಸದೆ ಇರುವುದು ಮತ್ತೊಂದು. ಎರಡನೆಯದು ಮೊದಲನೆಯದಕ್ಕಿಂತ ಸುಲಭ, ಮತ್ತು ಕೆಲಸಗಾರನಿಗೆ ಅದಕ್ಕಿಂತ ಘೋರ. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದೆ ಮರ ಹತ್ತಿದವನು ಮರದಿಂದ ಬಿದ್ದನೆಂದರೆ, ಆತನು ಆ ದಿನ ಆ ತೋಟದಲ್ಲಿ ಇದ್ದನೆಂಬುದನ್ನು ಸ್ಥಾಪಿಸುವುದೇ ಆತನ ಮನೆಯವರಿಗೆ ಮೊದಲ ಕಷ್ಟವಾಗುತ್ತದೆ. ಶಾಸನದ ಗೆರೆಯು ಮನುಷ್ಯರನ್ನು ಲೆಕ್ಕದ ಹೊರಗೆ ನೂಕುವಂತಾಗಬಾರದು. ಅದಕ್ಕೆ ಉಪಾಯವಿರುವುದು, ಗೆರೆಯ ಕೆಳಗಿರುವವರಿಗೂ ಲೆಕ್ಕ ಬರೆಯುವುದು ಸುಲಭವೂ ಲಾಭಕರವೂ ಆಗುವಂತೆ ಮಾಡುವುದರಲ್ಲಿ.

ಇಲ್ಲಿ ವೇತನ ಸಂಹಿತೆಯ ಐವತ್ತನೆಯ ಪ್ರಕರಣವನ್ನು ಪ್ರತಿಯೊಬ್ಬ ತೋಟದವನೂ ಓದಿಸಿ ಕೇಳತಕ್ಕದ್ದು. ಉದ್ಯೋಗದಾತನಾದವನು ಕೆಲಸಗಾರರ ವಿವರ, ಹಾಜರಿ, ಸಂಬಳ ಮುಂತಾದವುಗಳ ಪುಸ್ತಕವನ್ನಿಡಬೇಕು, ಸಂಬಳದ ಚೀಟಿಯನ್ನು ಕೊಡಬೇಕು ಎಂದು ವಿಧಿಸಿದ ಮೇಲೆ, ಬೇಸಾಯಕ್ಕೆ ಅಥವಾ ಮನೆಗೆಲಸಕ್ಕೆ ಐದು ಮಂದಿಗೆ ಮೀರದಂತೆ ಇಟ್ಟುಕೊಂಡವನಿಗೆ ಈ ಪುಸ್ತಕದ ಬಾಧ್ಯತೆಯಿಲ್ಲವೆಂದು ಅದೇ ಪ್ರಕರಣವು ವಿನಾಯಿತಿ ಕೊಟ್ಟಿದೆ. ಆದರೆ ಕೇಳಿದಾಗ ಸಂಬಳ ಕೊಟ್ಟುದಕ್ಕೆ ಯುಕ್ತವಾದ ರುಜುವಾತನ್ನು ಆತನು ಒದಗಿಸಬೇಕು. ಇದರ ಜೊತೆಗೆ ಐವತ್ತೊಂಬತ್ತನೆಯ ಪ್ರಕರಣವನ್ನು ಇಟ್ಟು ನೋಡಬೇಕು: ಸಂಬಳ ಕಡಿಮೆಯಾಯಿತೆಂದೋ ಬರಲಿಲ್ಲವೆಂದೋ ಕೆಲಸಗಾರನು ಹಕ್ಕು ಸಾಧಿಸಿದರೆ, ಕೊಟ್ಟಿದ್ದೇನೆಂದು ಸಿದ್ಧಪಡಿಸುವ ಭಾರ ಉದ್ಯೋಗದಾತನದು. ಹಕ್ಕು ಸಾಧಿಸಲು ಇರುವ ಅವಧಿ ಮೂರು ವರ್ಷ. ಹೀಗಿರುವಲ್ಲಿ ‘ನಾನು ಐದೇ ಮಂದಿಯವನು, ನನಗೆ ಪುಸ್ತಕ ಬೇಡ’ ಎಂದು ನೆಮ್ಮದಿಯಾಗಿರುವ ತೋಟದವನು ವಿನಾಯಿತಿಯ ಅರ್ಧವನ್ನು ಮಾತ್ರ ಓದಿದ್ದಾನೆ. ಮೂರು ವರ್ಷದ ಹಿಂದಿನ ಕೊಯ್ಲಿನಲ್ಲಿ ಯಾರಿಗೆ ಎಷ್ಟು ಕೊಟ್ಟೆನೆಂಬುದನ್ನು ಜ್ಞಾಪಕದಿಂದ ಹೇಳುವುದು ಎಂಥ ಪ್ರಾಮಾಣಿಕನಿಗೂ ಆಗದು; ದಿನಾಂಕ, ಹೆಸರು, ಕೆಲಸ, ಮೊತ್ತ, ರುಜು ಎಂಬ ಐದು ಕಲಮುಗಳ ಒಂದು ಸಾಧಾರಣ ನೋಟ್ ಪುಸ್ತಕವು ಆತನ ಪ್ರಾಮಾಣಿಕತೆಗೆ ಸಾಕ್ಷಿಯಾಗಬಲ್ಲದು. ದೊಡ್ಡ ಎಸ್ಟೇಟುಗಳಲ್ಲಿ ರೈಟರು ಚೆಕ್‌ರೋಲ್ ಬರೆಯುತ್ತ ಬಂದ ಪದ್ಧತಿ ಹಳೆಯದು. ಸಣ್ಣ ತೋಟದವನಿಗೆ ರೈಟರಿಲ್ಲ, ಆತನ ಮಗಳೋ ಹೆಂಡತಿಯೋ ಸಂಜೆ ಹತ್ತು ನಿಮಿಷ ಕುಳಿತು ಬರೆದರೆ ಆಯಿತು. ಅಂಗಡಿಯವರಿಗೂ ಹೋಟೆಲಿನವರಿಗೂ ಈ ವಿನಾಯಿತಿ ಇಲ್ಲವೆಂಬುದನ್ನು ಮಾತ್ರ ಮರೆಯಲಾಗದು. ಇಬ್ಬರೇ ಇದ್ದರೂ ಪುಸ್ತಕ ಬೇಕು, ಚೀಟಿ ಬೇಕು.

ಊಟದ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಕೂಲಿಯಲ್ಲಿ ಕಾಫಿ, ತಿಂಡಿ, ಮಧ್ಯಾಹ್ನದ ಊಟಗಳು ಸೇರಿಯೇ ಇರುತ್ತವೆ, ಹೋಟೆಲಿನ ಹುಡುಗರಿಗಾದರೆ ಮೂರು ಹೊತ್ತಿನ ಊಟವೂ ಮಲಗಲು ಮಾಳಿಗೆಯೂ ಸಂಬಳದೊಳಗೇ ಎಂಬ ಭಾವನೆ ಬಲವಾಗಿ ಬೇರೂರಿದೆ. ವೇತನ ಸಂಹಿತೆಯ ಪ್ರಕಾರ ವಸ್ತುರೂಪದಲ್ಲಿ ಕೊಟ್ಟುದು ಸಂಬಳದ ಭಾಗವೆಂದು ಪರಿಗಣಿತವಾಗುವುದು ಒಟ್ಟು ಸಂಬಳದ ಶೇಕಡಾ 15ಕ್ಕೆ ಮೀರದಷ್ಟು ಮಾತ್ರ. ವಾಸಕ್ಕೆ ಕೊಟ್ಟ ಮನೆಯ ಬೆಲೆಯನ್ನು ಸಂಬಳವೆಂದು ಎಣಿಸುವಂತಿಲ್ಲ. ಐನೂರು ರೂಪಾಯಿಯ ದಿನಗೂಲಿಯಲ್ಲಿ ಊಟದ ಬಾಬ್ತು ಎಪ್ಪತ್ತೈದಕ್ಕೆ ನಿಲ್ಲಬೇಕು. ಇದು ನ್ಯಾಯವಾದ ಗೆರೆಯೆಂದೇ ನನ್ನ ಭಾವನೆ. ಉಣಬಡಿಸಿದ ಔದಾರ್ಯವನ್ನು ಕೂಲಿಯಿಂದ ಹಿಂದಕ್ಕೆ ಪಡೆಯುವುದು ಮಲೆನಾಡಿನ ಅತಿಥಿಸತ್ಕಾರಕ್ಕೆ ಶೋಭೆಯಲ್ಲ.

ಇನ್ನು, ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿಗೆ ಬರುತ್ತೇನೆ. ನಮ್ಮ ತೋಟಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಭೇದವು ಋತುಮಾನಗಳಷ್ಟೇ ಸ್ವಾಭಾವಿಕವೆಂಬಂತೆ ನಡೆದುಬಂದಿದೆ. ಸಮಾನ ವೇತನದ ಕಾಯಿದೆ ಬಂದುದು 1976ರಲ್ಲಿ. ಸಮಾನವಾದ ಕೆಲಸಕ್ಕೆ ಸಮಾನವಾದ ವೇತನವಿರಬೇಕೆಂಬ ನಿರ್ದೇಶನವನ್ನು ಸಂವಿಧಾನದ ಮೂವತ್ತೊಂಬತ್ತನೆಯ ವಿಧಿಯು ಅದಕ್ಕೂ ಮುಂಚೆಯೇ ಬರೆದಿಟ್ಟಿತ್ತು. ಈಗ ವೇತನ ಸಂಹಿತೆಯ ಮೂರನೆಯ ಪ್ರಕರಣವು, ಒಂದೇ ಕೆಲಸಕ್ಕೆ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗದ ಆಧಾರದಿಂದ ಸಂಬಳದಲ್ಲಿ ವ್ಯತ್ಯಾಸ ಮಾಡಕೂಡದೆಂದು ಮತ್ತೊಮ್ಮೆ ಹೇಳಿದೆ. ಒಡೆಯರು ಕೊಡುವ ಸಮಾಧಾನವನ್ನು ಕೇಳಿದವರೆಲ್ಲ ಬಲ್ಲರು: ಗಂಡಸು ಮರ ಹತ್ತುತ್ತಾನೆ, ಔಷಧಿಯ ಡ್ರಮ್ಮು ಹೊರುತ್ತಾನೆ, ಬಸಿಗಾಲುವೆ ತೋಡುತ್ತಾನೆ, ಹೆಂಗಸಿನ ಕೆಲಸ ಹಗುರ. ಮರ ಹತ್ತುವ ಕೆಲಸ ಬೇರೆಯದೇ ಹೌದು, ಅದಕ್ಕೆ ಬೇರೆ ಕೂಲಿ ಸಲ್ಲತಕ್ಕದ್ದೇ. ಆದರೆ ಕಳೆ ತೆಗೆಯುವಾಗ, ಗೊಬ್ಬರ ಹೊರುವಾಗ, ಸೊಪ್ಪು ಹಾಕುವಾಗ, ಒಂದೇ ಸಾಲಿನಲ್ಲಿ ಒಂದೇ ಹೊತ್ತು ಬಗ್ಗಿ ದುಡಿದ ಗಂಡ ಹೆಂಡಿರಿಬ್ಬರು ಸಂಜೆ ಬೇರೆ ಬೇರೆ ಮೊತ್ತವನ್ನು ಎಣಿಸಿಕೊಂಡು ಮನೆಗೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಶ್ಚರ್ಯವೆಂದರೆ, ಸಮಾನತೆಯನ್ನು ನಡೆಸಿಕೊಂಡು ಹೋಗುವುದು ನಮ್ಮ ತೋಟದವರಿಗೆ ಹೊಸದಲ್ಲ. ಕಾಫಿಯ ಹಣ್ಣನ್ನು ಕಿಲೋ ಲೆಕ್ಕಕ್ಕೆ ಕೊಯ್ಸುವಾಗ, ಹಸಿ ಅಡಿಕೆಯನ್ನು ತೂಕಕ್ಕೆ ಸುಲಿಸುವಾಗ, ತಕ್ಕಡಿಯು ಕೊಯ್ದವರು ಯಾರು, ಸುಲಿದವರು ಯಾರೆಂದು ವಿಚಾರಿಸುವುದಿಲ್ಲ, ಒಡೆಯನೂ ವಿಚಾರಿಸುವುದಿಲ್ಲ. ಎಷ್ಟೋ ವೇಳೆ ಹೆಂಗಸಿನ ರಾಶಿಯೇ ದೊಡ್ಡದಾಗಿರುತ್ತದೆ. ತೂಕದ ಲೆಕ್ಕದ ಕೆಲಸದಲ್ಲಿ ಒಪ್ಪಿಕೊಂಡ ನ್ಯಾಯವನ್ನು ದಿನಗೂಲಿಯಲ್ಲಿ ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಾಗಿರುವುದು ಅಭ್ಯಾಸವೇ ಹೊರತು ಬೇರೆಯಲ್ಲ. ಸಮಾನ ಕೂಲಿಯಿಂದ ವೆಚ್ಚ ಹೆಚ್ಚುತ್ತದೆಂಬುದು ಸತ್ಯ. ಆ ವೆಚ್ಚ ಇಷ್ಟು ವರ್ಷ ಹೆಂಗಸರ ಸಂಸಾರದಿಂದ ಸಂದಾಯವಾಗುತ್ತಿತ್ತೆಂಬುದೂ ಅಷ್ಟೇ ಸತ್ಯ.

ಮುಂಗಡದ ಪ್ರಶ್ನೆ ಇನ್ನೂ ಜಟಿಲವಾದುದು. ಘಟ್ಟದ ಕೆಳಗಿನಿಂದ ಆಳುಗಳನ್ನು ತರುತ್ತಿದ್ದ ಸೇರೆಗಾರರನ್ನು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರೆಲ್ಲ ಬಲ್ಲರು, ಸೇರೆಗಾರನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಈಗಿನ ಏಜೆಂಟನಿಗೆ ಹೆಸರು ಬದಲಾಗಿದ್ದರೂ, ಹಣವನ್ನು ಮೊದಲು ಕೊಟ್ಟು ಮನುಷ್ಯನನ್ನು ಅನಂತರ ಪಡೆಯುವ ಕ್ರಮ ಉಳಿದುಬಂದಿದೆ. ಈ ಕ್ರಮಕ್ಕೆ ಶಾಸನದ ಬೆಂಬಲ ಪೂರ್ಣವಾಗಿದ್ದ ಕಾಲವೂ ಒಂದಿತ್ತು: 1859ರಲ್ಲಿ ಬ್ರಿಟಿಷ್ ಸರ್ಕಾರವು ಮಾಡಿದ ಕರಾರುಭಂಗದ ಕಾಯಿದೆಯ ಮೇರೆಗೆ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಸೆರೆಮನೆಗೆ ಕಳುಹಿಸಬಹುದಾಗಿತ್ತು. ಜೀತಪದ್ಧತಿಯನ್ನು ನಿರ್ಮೂಲ ಮಾಡುವ ಕಾಯಿದೆ 1976ರಲ್ಲಿ ಬಂದ ಮೇಲೆ ಮುಂಗಡವು ಮನುಷ್ಯನನ್ನು ಕಟ್ಟಿಹಾಕುವ ಹಗ್ಗವಾಗಲು ಶಾಸನದಲ್ಲಿ ಎಡೆಯಿಲ್ಲ. ವೇತನ ಸಂಹಿತೆ ಇನ್ನಷ್ಟು ಸ್ಪಷ್ಟವಾಗಿ, ಕೆಲಸಕ್ಕೆ ಸೇರುವ ಮುನ್ನ ಕೊಟ್ಟ ಮುಂಗಡವನ್ನು ಪೂರ್ಣ ವೇತನಾವಧಿಯ ಮೊದಲ ಸಂಬಳದಿಂದ ವಸೂಲು ಮಾಡಬಹುದೆಂದೂ, ಪ್ರಯಾಣದ ಖರ್ಚಿಗೆಂದು ಕೊಟ್ಟ ಮುಂಗಡವನ್ನು ವಸೂಲು ಮಾಡಲೇಕೂಡದೆಂದೂ, ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಕೂಡದೆಂದೂ ಹೇಳುತ್ತದೆ. ಅಸ್ಸಾಮಿನಿಂದ ರೈಲಿನಲ್ಲಿ ಕರೆತಂದ ಗುಂಪಿನ ಟಿಕೇಟಿನ ಹಣವನ್ನು ತಿಂಗಳು ತಿಂಗಳು ಹಿಡಿಯುವ ವಾಡಿಕೆಯಿರುವಲ್ಲೆಲ್ಲ ಅದು ಇನ್ನು ನಿಲ್ಲಬೇಕು.

ಒಡೆಯರ ಪಕ್ಷದಿಂದ ಇಲ್ಲಿ ಹೇಳಬೇಕಾದ ಮಾತೊಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಡಿಕೆ ಬೆಳೆಯುವವನೂ ಮುಂಗಡದ ಮೇಲೆಯೇ ಬದುಕುವವನು. ಬೇಯಿಸಿ ಒಣಗಿಸಿದ ಮಾಲು ಮಂಡಿಗೆ ಹೋಗಿ, ಧಾರಣೆ ನೋಡಿ ಮಾರಾಟವಾಗಿ, ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಔಷಧಿಯ ಖರ್ಚು, ಗೊಬ್ಬರದ ಖರ್ಚು, ಕೂಲಿಯ ಖರ್ಚು ಎಲ್ಲವೂ ಮಂಡಿಯ ಸಾಲದಿಂದಲೋ ಸಹಕಾರ ಸಂಘದ ಸಾಲದಿಂದಲೋ ನಡೆಯಬೇಕು. ವೇತನ ಸಂಹಿತೆಯಾದರೋ ದಿನಗೂಲಿಯನ್ನು ದಿನದ ಕೆಲಸ ಮುಗಿದಾಗಲೂ, ವಾರದ ಕೂಲಿಯನ್ನು ವಾರದ ರಜೆಗೆ ಮುಂಚೆಯೂ, ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೂ ಕೊಡತಕ್ಕದ್ದೆನ್ನುತ್ತದೆ. ಕೆಲಸ ಬಿಟ್ಟು ಹೋಗುವವನ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ‘ಮಾಲು ಮಾರಿದ ಮೇಲೆ ನೋಡೋಣ’ ಎಂಬ ಮಾತಿಗೆ ಇದರಲ್ಲಿ ಸ್ಥಳವಿಲ್ಲ, ಇರಲೂ ಕೂಡದು, ಏಕೆಂದರೆ ಕೂಲಿಯವನ ಮನೆಯ ಅಕ್ಕಿಯ ಡಬ್ಬಕ್ಕೆ ಅಡಿಕೆಯ ಧಾರಣೆ ತಿಳಿಯದು. ಆದರೆ ಶಾಸನವು ಯಾವ ವೇಗದಿಂದ ಕೂಲಿ ಕೊಡಿಸುತ್ತದೆಯೋ ಆ ವೇಗಕ್ಕೆ ತಕ್ಕ ಸಾಲದ ವ್ಯವಸ್ಥೆಯನ್ನು ಬ್ಯಾಂಕುಗಳೂ ಸಂಘಗಳೂ ಮಾಡಬೇಕಾಗುತ್ತದೆ. ಕೊಯ್ಲಿನ ತಿಂಗಳುಗಳಿಗಷ್ಟೇ ಮೀಸಲಾದ, ಮಾಲು ಮಾರಿದ ಕೂಡಲೇ ತೀರುವ, ಕೂಲಿಯ ಪಾವತಿಗೆಂದೇ ಕೊಡುವ ಅಲ್ಪಾವಧಿಯ ಸಾಲವೊಂದು ಬೇಕು.

ಹೊರರಾಜ್ಯದ ಕೆಲಸಗಾರರ ವಿಷಯದಲ್ಲಿ ವೃತ್ತಿಸುರಕ್ಷತೆಯ ಸಂಹಿತೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡಂತಾಗಿದೆ. ಏಜೆಂಟನ ಮೂಲಕ ಬಂದವರನ್ನಷ್ಟೇ ಅಲ್ಲದೆ ತಾವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಎಣಿಸಿದ್ದು, ಊರಿಗೆ ಹೋಗಿಬರಲು ವರ್ಷಕ್ಕೊಮ್ಮೆ ಪ್ರಯಾಣಭತ್ಯ ಗೊತ್ತುಮಾಡಿದ್ದು ಶ್ಲಾಘ್ಯ. ಆದರೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಐದು ಮಂದಿ ವಲಸೆ ಕಾರ್ಮಿಕರಿದ್ದಲ್ಲಿಗೆ ಅನ್ವಯಿಸುತ್ತಿತ್ತು. ಈಗ ಹತ್ತು ಮಂದಿ ಬೇಕು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿಯೂ ಇಪ್ಪತ್ತೆಂಬುದು ಐವತ್ತಾಗಿದೆ. ಕಾಡಿನಂಚಿನ ಲೈನ್ ಮನೆಯಲ್ಲಿ, ಕನ್ನಡದ ಒಂದಕ್ಷರವೂ ಬಾರದೆ, ಏಳೆಂಟು ಮಂದಿ ಇರುವ ತೋಟಗಳೇ ನಮ್ಮಲ್ಲಿ ಬಹಳ. ರಕ್ಷಣೆ ಅತ್ಯಂತ ಅವಶ್ಯಕವಾದವರು ಅವರೇ, ಗೆರೆಯ ಹೊರಗೆ ಉಳಿದವರೂ ಅವರೇ. ಸಣ್ಣ ಉದ್ಯೋಗದಾತನಿಗೆ ಅನುಕೂಲವೆಂದು ಇದನ್ನು ಮಾಡಿದ್ದರೆ, ಆ ಅನುಕೂಲವನ್ನು ಬೇರೆ ರೀತಿಯಿಂದ ಮಾಡಬಹುದಾಗಿತ್ತು.

ಎಸ್ಟೇಟುಗಳ ಮಾತು ಬಂದಾಗ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯನ್ನು ಸ್ಮರಿಸಬೇಕು. ವಾಸದ ಮನೆ, ಕುಡಿಯುವ ನೀರು, ಶಿಶುವಿಹಾರ, ಔಷಧೋಪಚಾರಗಳು ಒಡೆಯನ ದಯೆಯಲ್ಲ, ಕೆಲಸಗಾರನ ಹಕ್ಕು ಎಂದು ಸ್ಥಾಪಿಸಿದುದು ಅದೇ. ವೃತ್ತಿಸುರಕ್ಷತೆಯ ಸಂಹಿತೆಯ ತೊಂಬತ್ತೆರಡನೆಯ ಪ್ರಕರಣವು ಈ ಬಾಧ್ಯತೆಗಳನ್ನು ಉಳಿಸಿಕೊಂಡು, ಅಡುಗೆಮನೆ ಶೌಚಾಲಯಗಳನ್ನೂ ಸೇರಿಸಿ, ಒಡೆಯನು ಅವನ್ನು ಸ್ವಂತ ವೆಚ್ಚದಿಂದಾಗಲಿ, ಕೇಂದ್ರ, ರಾಜ್ಯ, ಪಂಚಾಯಿತಿಗಳ ಯೋಜನೆಗಳ ಮೂಲಕವಾಗಲಿ ಒದಗಿಸಬಹುದೆಂದು ಹೇಳಿದೆ. ಕೀಟನಾಶಕಗಳಿಂದ ಕೆಲಸಗಾರನನ್ನು ರಕ್ಷಿಸುವ ಬಗೆಗೂ ಪ್ರತ್ಯೇಕ ಪ್ರಕರಣವಿದೆ. ಹದಿಮೂರು ಎಕರೆಯ ಕಾಫಿಯವನಿಗೆ ಪಂಚಾಯಿತಿಯ ಯೋಜನೆಯ ದಾರಿ ತೆರೆದದ್ದು ನಿಜವಾದ ಉಪಕಾರವಾಗಬಲ್ಲದು. ಪಂಚಾಯಿತಿಯಾದರೋ ಇಂಥ ಒಂದು ದಾರಿ ತನ್ನ ಅಂಗಳದಿಂದ ಹಾದುಹೋಗುತ್ತದೆಂಬುದನ್ನು ಮೊದಲು ಅರಿಯಬೇಕು. ಇ.ಎಸ್.ಐ. ಪ್ಲಾಂಟೇಷನ್ನುಗಳಿಗೆ ಕಡ್ಡಾಯವಲ್ಲ, ಇಚ್ಛೆಯಿದ್ದವರು ಸೇರಬಹುದು. 2019ರಿಂದ ಅದರ ಕಂತು ಒಡೆಯನಿಂದ ಶೇಕಡಾ 3.25, ಕೆಲಸಗಾರನಿಂದ ಶೇಕಡಾ 0.75. ಕಂತು ಕಟ್ಟಿದವನಿಗೆ ತಾಲ್ಲೂಕಿನಲ್ಲಿಯೇ ಚಿಕಿತ್ಸೆ ಸಿಕ್ಕುವ ಏರ್ಪಾಡಾದರೆ ಸಣ್ಣ ಎಸ್ಟೇಟಿನವರು ತಾವಾಗಿ ಮುಂದೆ ಬಂದಾರು. ಆಗದಿದ್ದರೆ ಯಾರೂ ಬಾರರು.

ಸಂಹಿತೆಗಳು ಸಂಸತ್ತಿನಲ್ಲಿ ಹುಟ್ಟಿದರೂ ಕಾರ್ಮಿಕ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದುದಾದ್ದರಿಂದ, ತೋಟ, ಅಂಗಡಿ, ಹೋಟೆಲುಗಳ ಮಟ್ಟಿಗೆ ನಿಯಮ ರಚಿಸಿ ಜಾರಿಗೆ ತರಬೇಕಾದ ಅಧಿಕಾರ ಕರ್ನಾಟಕ ಸರ್ಕಾರದ್ದೇ. ಪುಸ್ತಕ ಯಾವ ನಮೂನೆಯಲ್ಲಿರಬೇಕು, ಸಂಬಳದ ಚೀಟಿಯಲ್ಲಿ ಏನೇನಿರಬೇಕು, ನೇಮಕಾತಿ ಪತ್ರ ಎಷ್ಟು ಉದ್ದವಿರಬೇಕು ಎಂಬುದೆಲ್ಲ ನಿಯಮಗಳಿಂದ ನಿರ್ಧಾರವಾಗತಕ್ಕದ್ದು. ಸಣ್ಣ ಒಡೆಯನ ಹೊರೆ ಹಗುರವಾಗುವುದೂ ಅಸಹನೀಯವಾಗುವುದೂ ಇಲ್ಲಿಯೇ. ಇಂಟರ್ನೆಟ್ ಮಳೆಗಾಲದಲ್ಲಿ ದಿನಗಟ್ಟಲೆ ಕೆಟ್ಟುಹೋಗುವ ಹಳ್ಳಿಗಳಿರುವ ತಾಲ್ಲೂಕಿನಲ್ಲಿ ಎಲ್ಲವನ್ನೂ ಪೋರ್ಟಲಿನಲ್ಲಿಯೇ ಸಲ್ಲಿಸಬೇಕೆಂದರೆ, ಆತನು ಕಾನೂನನ್ನು ಪಾಲಿಸುವುದಕ್ಕೆ ಪೇಟೆಯ ಸೈಬರ್ ಅಂಗಡಿಯವನಿಗೆ ಹಣ ತೆರಬೇಕಾಗುತ್ತದೆ. ಕೈಬರಹದ ಕನ್ನಡ ಪುಸ್ತಕವೂ ಸಿಂಧುವೆಂದು ನಿಯಮವು ಸ್ಪಷ್ಟವಾಗಿ ಹೇಳಲಿ. ಹಂಗಾಮಿನ ಕೆಲಸಗಾರನನ್ನು ಎಣಿಸುವ ಕ್ರಮವೇನೆಂಬುದನ್ನು ತೋಟದ ಉದಾಹರಣೆಯೊಡನೆ ವಿವರಿಸಲಿ.

ಹಿಂದಿನ ಇನ್‌ಸ್ಪೆಕ್ಟರಿಗೆ ಹೊಸ ಸಂಹಿತೆಗಳು ಸುಗಮಕಾರನೆಂಬ ಇನ್ನೊಂದು ಪದವಿಯನ್ನೂ ಸೇರಿಸಿವೆ. ಪುಸ್ತಕ ಇಡದಿರುವಂಥ ಲೋಪ ಮೊದಲ ಸಲ ಕಂಡಾಗ ಮೊಕದ್ದಮೆ ಹೂಡುವ ಮುನ್ನ ಸರಿಪಡಿಸಿಕೊಳ್ಳಲು ಆತನು ಅವಕಾಶ ಕೊಡಬೇಕು. ಐದು ವರ್ಷದೊಳಗೆ ಅದೇ ಲೋಪ ಮರುಕಳಿಸಿದರೆ ಆ ಅವಕಾಶವಿಲ್ಲ. ಸಂಬಳವನ್ನು ಕಡಿಮೆ ಕೊಟ್ಟುದಕ್ಕಾದರೋ ಐವತ್ತು ಸಾವಿರ ರೂಪಾಯಿಯವರೆಗೆ ದಂಡ, ಐದು ವರ್ಷದೊಳಗೆ ಮರುಕಳಿಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ದಂಡವನ್ನು ಗೊತ್ತುಮಾಡಿದ ಸರ್ಕಾರಕ್ಕೆ ತಿಳಿಸಿಹೇಳುವ ಹೊಣೆಯೂ ಅಷ್ಟೇ ಗಂಭೀರವಾಗಿ ಸೇರಿದೆ. ಈ ಭಾಗದಲ್ಲಿಯೇ ಅದಕ್ಕೊಂದು ಪೂರ್ವೋದಾಹರಣೆಯಿದೆ. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಸಮೀಪದಲ್ಲಿ ಕಾಫಿಯ ಪ್ರಯೋಗಕೇಂದ್ರವನ್ನು ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರಿಂದ ಬೆಳೆದುದು. ಕಾಂಡಕೊರಕವನ್ನೋ ಎಲೆತುಕ್ಕನ್ನೋ ತೋಟದಲ್ಲಿ ಕಂಡ ಬೆಳೆಗಾರನು ಅಲ್ಲಿಗೆ ಹೋಗಲು ಅಂಜಬೇಕಾಗಿಲ್ಲ, ತನ್ನ ತೋಟದ ದೋಷವನ್ನು ತಾನೇ ಹೇಳಿಕೊಂಡು ಪರಿಹಾರ ಕೇಳುತ್ತಾನೆ. ಕಾರ್ಮಿಕ ಇಲಾಖೆಯ ಸುಗಮಕಾರನ ಬಳಿಗೆ ಅದೇ ಧೈರ್ಯದಿಂದ ಹೋಗಿ, ‘ನನ್ನ ಲೆಕ್ಕ ಹೀಗಿದೆ, ಎಲ್ಲಿ ತಪ್ಪಿದೆ ನೋಡಿ’ ಎಂದು ಒಬ್ಬ ಹೋಟೆಲಿನವನು ಕೇಳುವಂತಾದರೆ, ದಂಡದ ಪ್ರಕರಣಗಳಿಗೆ ಕೆಲಸ ಕಡಿಮೆಯಾಗುತ್ತದೆ.

ಈ ತಿಳಿಸಿಹೇಳುವ ಕಾರ್ಯವನ್ನು ಮಾಡಬಲ್ಲ ಸಂಸ್ಥೆಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್ ಬೆಳೆಗಾರನ ಮಾಲಿನ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಡುವ ಸಂಸ್ಥೆ. ಪ್ರಾಥಮಿಕ ಕೃಷಿ ಪತ್ತಿನ ಸಂಘವು ಆತನ ಸಾಲದ ಲೆಕ್ಕವನ್ನು ಬಲ್ಲ ಸಂಸ್ಥೆ. ರಾಜ್ಯ ಸರ್ಕಾರವು ಒಂದು ಪುಟಕ್ಕೆ ಒಂದು ವಾರದಂತೆ ಕೂಲಿಯ ಪುಸ್ತಕವೊಂದನ್ನು ಅಚ್ಚುಮಾಡಿಸಿ, ಹಿಂಬದಿಯಲ್ಲಿ ಆ ವರ್ಷದ ಕನಿಷ್ಠ ವೇತನದ ದರಗಳನ್ನು ಛಾಪಿಸಿ, ಮುಂದಿನ ಕೊಯ್ಲಿಗೆ ಮುಂಚೆ ಈ ಸಂಘಗಳ ಮೂಲಕ ಪ್ರತಿ ಸದಸ್ಯನ ಕೈಗೆ ಕೊಡಲಿ. ಸಾಲದ ಅರ್ಜಿಯೊಡನೆ ಆ ಪುಸ್ತಕವನ್ನು ತೋರಿಸಿದವರಿಗೆ ನಾನು ಮೇಲೆ ಹೇಳಿದ ಕೂಲಿಯ ಸಾಲವು ಬಡ್ಡಿಯ ರಿಯಾಯಿತಿಯಿಂದ ದೊರೆಯಲಿ. ಪುಸ್ತಕದ ಶಿರೋನಾಮೆಗಳು ಕನ್ನಡದ ಜೊತೆಗೆ ಅಸ್ಸಾಮಿ, ಬಂಗಾಳಿ, ಹಿಂದಿಗಳಲ್ಲಿಯೂ ಇರಲಿ. ರುಜು ಹಾಕುವವನು ತಾನು ಯಾವ ಮೊತ್ತಕ್ಕೆ ರುಜು ಹಾಕುತ್ತಿದ್ದೇನೆಂಬುದನ್ನು ಓದಲಾರದೆ ಹೋದರೆ, ಅದನ್ನು ಆತನ ಭಾಷೆಯಲ್ಲಿ ಓದಿ ಹೇಳಿದವರ ಹೆಸರಿಗೂ ಆ ಪುಟದಲ್ಲಿ ಒಂದು ಕಲಮು ಇರಲಿ.